ಬೆಟ್ಟ ಹತ್ತುವವರು ಹಿಂದಿರುಗುವ ಹೊತ್ತು

ಕಳೆದ ಸಂಚಿಕೆಯಲ್ಲಿ ಮಳೆಗಾಲ ಕಳೆದ ಮೇಲೆ ಮನೆಯ ಬಾವಿಯನ್ನು ತೊಳೆಯಿಸುವ ವಿಷಯವಾಗಿ ಬರೆಯುತ್ತ, ಮುಂದಿನ ತಿಂಗಳು ಪುಸ್ತಕಗಳನ್ನು ಗೆದ್ದಲಿನಿಂದ ಕಾಪಾಡುವ ಉಪಾಯಗಳನ್ನು ತಿಳಿಸುವೆವೆಂದು ವಾಚಕರಿಗೆ ಮಾತು ಕೊಟ್ಟಿದ್ದೆವು. ಗೆದ್ದಲು ಒಂದು ತಿಂಗಳು ಕಾಯಲಾರದೆಂಬದು ನಮಗೂ ಗೊತ್ತಿದೆ. ಆದರೂ ಆ ವಿಷಯವನ್ನು ಮುಂದಕ್ಕೆ ಹಾಕುವದಕ್ಕೆ ಕಾರಣ ಒದಗಿತು. ಒಂದು ದಿವಸ ಪುತ್ತೂರಿನಲ್ಲಿರುವ ನಮ್ಮ ತಂಗಿಯು ಹೇಳದೆ ಕೇಳದೆ ಮಂಡೆಕೋಲಿಗೆ ಬಂದಿಳಿದು, ಕಾಲಿಗೆ ನೀರು ಹಾಕಿಕೊಳ್ಳುವದಕ್ಕೂ ಮುಂಚೆ ಚಾವಡಿಯಲ್ಲಿ ಕುಳಿತು, “ಅಣ್ಣಾ, ಅವಳು ಕುಮಾರಪರ್ವತ ಹತ್ತುತ್ತಾಳಂತೆ. ನಾನು ಹೇಳಿದರೆ ಕೇಳುವದಿಲ್ಲ. ನಿನ್ನ ಮಾತಾದರೆ ಕೇಳಿಯಾಳು. ಬೇಡವೆಂದು ಒಂದು ಮಾತು ಹೇಳಿಬಿಡು” ಎಂದಳು.

ಅವಳೆಂದರೆ ತಂಗಿಯ ಮಗಳು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾಳೆ. ವಾರವೆಲ್ಲ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವ ನಾಲ್ವರು ಗೆಳತಿಯರ ಸಂಗಡ ಒಂದು ದಿನ ಬೆಟ್ಟದ ಗಾಳಿ ಕುಡಿಯಬೇಕೆಂಬ ಅಪೇಕ್ಷೆ. ಅಪೇಕ್ಷೆಯಲ್ಲಿ ತಪ್ಪೇನೂ ಇಲ್ಲ. ನಾವು ತಂಗಿಗೆ ಬೆಲ್ಲ ನೀರು ಕೊಡಿಸಿ, ಹುಡುಗಿಯು ತಾಯಿಗೆ ಕಳುಹಿಸಿದ್ದ ಯಾತ್ರೆಯ ಕ್ರಮವನ್ನು ಮೊಬೈಲಿನಲ್ಲಿ ತೋರಿಸೆಂದು ಕೇಳಿದೆವು. ಅದರಲ್ಲಿದ್ದದ್ದು ಇಷ್ಟು: ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬಸ್ಸು, ಶನಿವಾರ ಬೆಳಿಗ್ಗೆ ಸುಬ್ರಹ್ಮಣ್ಯ, ಸ್ನಾನ, ದೇವರ ದರ್ಶನ, ತಿಂಡಿ, ಆಮೇಲೆ ಶಿಖರ, ರಾತ್ರಿಯ ಬಸ್ಸಿಗೆ ಬೆಂಗಳೂರು.

ಓದಿದ ಕೂಡಲೆ ನಮ್ಮ ಮೈಯಲ್ಲಿ ಸಣ್ಣದೊಂದು ನಡುಕ ಹುಟ್ಟಿತು. ಹೋಗುವದೆಲ್ಲ ಅದರಲ್ಲಿ ಬರೆದಿತ್ತು. ಇಳಿಯುವದು ಎಲ್ಲಿಯೂ ಬರೆದಿರಲಿಲ್ಲ. ಇಪ್ಪತ್ತೆಂಟು ವರುಷಗಳ ಕೆಳಗೆ ನಾವೂ ಒಂದು ಕಾಗದದ ಮೇಲೆ ಇದೇ ತರದ ಕ್ರಮವನ್ನು ಬರೆದಿದ್ದೆವು. ಆ ಕಥೆಯನ್ನು ಈ ವರೆಗೆ ಎಲ್ಲಿಯೂ ಬರೆದವರಲ್ಲ. ಅದನ್ನು ಹೇಳುವದಕ್ಕೆ ಮೊದಲು ಆ ಬೆಟ್ಟದ ಸ್ವರೂಪವನ್ನು ತಿಳಿಸದಿದ್ದರೆ ದೂರದ ವಾಚಕರಿಗೆ ಅರ್ಥವಾಗಲಾರದು.

ಮೊದಲು ನಮ್ಮ ಸುಳ್ಯ ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿರುವ ಸುಬ್ರಹ್ಮಣ್ಯ ಕ್ಷೇತ್ರದ ಮೂಡುದಿಕ್ಕಿನಲ್ಲಿ, ಕೊಡಗಿನ ಗಡಿಯಲ್ಲಿ ಈ ಪರ್ವತವಿದೆ. ಶಿಖರಕ್ಕೆ ಪುಷ್ಪಗಿರಿಯೆಂದೂ ಹೆಸರು. ಎತ್ತರ 1712 ಮೀಟರು. ಕೊಡಗಿನ ಬೆಟ್ಟಗಳಲ್ಲಿ 1748 ಮೀಟರಿನ ತಡಿಯಂಡಮೋಳನ್ನು ಬಿಟ್ಟರೆ ಇದೇ ಎತ್ತರದ್ದು. ತಾರಕಾಸುರನನ್ನು ಕೊಂದು ಬಂದ ಷಣ್ಮುಖನು ತನ್ನ ಶಕ್ತ್ಯಾಯುಧವನ್ನು ತೊಳೆದದ್ದು ಕುಮಾರಧಾರೆಯಲ್ಲಿಯೆಂದೂ, ಇಂದ್ರನು ತನ್ನ ಮಗಳಾದ ದೇವಸೇನೆಯನ್ನು ಅವನಿಗೆ ಧಾರೆಯೆರೆದು ಕೊಟ್ಟದ್ದು ಈ ಬೆಟ್ಟದ ಮೇಲೆ, ಮಾರ್ಗಶಿರ ಶುದ್ಧ ಷಷ್ಠಿಯ ದಿನವೆಂದೂ ಸ್ಥಳಪುರಾಣ. ಈ ಬೆಟ್ಟದಲ್ಲಿ ಹುಟ್ಟುವ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಬೆಟ್ಟದ ಕೊಡಗಿನ ಮೈಯೆಲ್ಲ ಪುಷ್ಪಗಿರಿ ಅಭಯಾರಣ್ಯ. 2012ನೆಯ ಇಸವಿಯಲ್ಲಿ ಯುನೆಸ್ಕೋ ಸಂಸ್ಥೆಯು ಪಶ್ಚಿಮಘಟ್ಟಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಅರಣ್ಯವೂ ಅದರೊಳಗೆ ಸೇರಿತು.

1712 ಮೀಟರೆಂದರೆ ಹೆಚ್ಚೇನಲ್ಲ, ಮುಳ್ಳಯ್ಯನಗಿರಿಯು 1930 ಮೀಟರಿದೆ, ಸಿಮ್ಲಾ ಪಟ್ಟಣದ ಬೀದಿಗಳೇ 2000 ಮೀಟರಿಗೂ ಮೇಲಿವೆ ಎಂದು ಭೂಗೋಳ ಬಲ್ಲ ಹುಡುಗರು ಹೇಳುವದುಂಟು. ಇಲ್ಲಿಯೇ ಮೋಸ ಹೋಗುವದು. ಮುಳ್ಳಯ್ಯನಗಿರಿಗೆ ಶಿಖರದ ಸಮೀಪದ ವರೆಗೆ ಮೋಟಾರು ರಸ್ತೆಯಿದೆ. ಸಿಮ್ಲಾಕ್ಕೆ ರೈಲುಗಾಡಿಯೇ ಹೋಗುತ್ತದೆ. ಕುಮಾರಪರ್ವತವನ್ನಾದರೋ ಸಮುದ್ರಮಟ್ಟಕ್ಕಿಂತ ನೂರು ನೂರಿಪ್ಪತ್ತು ಮೀಟರು ಮಾತ್ರ ಎತ್ತರವಿರುವ ಸುಬ್ರಹ್ಮಣ್ಯದ ಪೇಟೆಯಿಂದಲೇ ಕಾಲ್ನಡೆಯಲ್ಲಿ ಹತ್ತತಕ್ಕದ್ದು. ಹತ್ತಿರ ಹತ್ತಿರ 1600 ಮೀಟರಿನ ಏರು ಒಂದೇ ದಿನದಲ್ಲಿ, ಅದೂ ಸುಮಾರು 13 ಕಿಲೋಮೀಟರು ದಾರಿಯಲ್ಲಿ. ಬೆಟ್ಟದ ಕಷ್ಟವನ್ನು ಶಿಖರದ ಎತ್ತರದಿಂದ ಅಳೆಯಬಾರದು. ಎಲ್ಲಿಂದ ಕಾಲು ಎತ್ತಿದೆವೋ ಅಲ್ಲಿಂದ ಅಳೆಯಬೇಕು.

ದಾರಿಯಲ್ಲಿ ಮೂರು ಬಗೆಯ ನೆಲ ಸಿಕ್ಕುವದು. ಮೊದಲು ದಟ್ಟವಾದ ಕಾಡು. ಮರದ ಬೇರುಗಳೇ ಮೆಟ್ಟಿಲು. ನೆರಳಿದ್ದರೂ ಗಾಳಿಯಿಲ್ಲದೆ ಬೆವರು ಸುರಿಯುವದು. ಐದಾರು ಕಿಲೋಮೀಟರು ಏರಿದರೆ ಗಿರಿಗದ್ದೆ. ಬೆಟ್ಟ ಹತ್ತುವವರೆಲ್ಲರೂ ಭಟ್ಟರ ಮನೆಯೆಂದು ಹೇಳುವ ಜಾಗವೂ ಅರಣ್ಯ ಇಲಾಖೆಯ ಠಾಣೆಯೂ ಅಲ್ಲಿಯೇ. ಅಲ್ಲಿಂದ ಮೇಲೆ ಬೋಳು ಹುಲ್ಲುಗಾವಲು. ಮರದ ನೆರಳೆಂಬದು ಇಲ್ಲ, ಹತ್ತು ಘಂಟೆಯ ಬಿಸಿಲು ಬೆನ್ನಿನ ಮೇಲೆಯೇ. ನಾಲ್ಕು ಕಂಬಗಳ ಕಲ್ಲುಮಂಟಪದ ವರೆಗೆ ಹೀಗೆ. ಮಂಟಪದ ಸಮೀಪದಲ್ಲಿ ನೀರಿನ ಝರಿಯುಂಟು. ಆದರೆ ಮಳೆಗಾಲ ದೂರವಾದಂತೆ ಅದನ್ನು ನಂಬಿ ಹೋಗುವದು ಸಲ್ಲದು. ಮುಂದೆ ಶೇಷಪರ್ವತದ ಕಡಿದಾದ ಏರು. ಅದರ ನೆತ್ತಿಯಲ್ಲಿ ನಿಂತಾಗ, ಬಂದೇಬಿಟ್ಟೆವೆಂದು ಹೊಸಬರು ಹಿಗ್ಗುವರು. ಎದುರಿಗೆ ಇನ್ನೊಂದು ಶಿಖರವು ಕಾಣುವದು, ಅದೇ ನಿಜವಾದ ಪುಷ್ಪಗಿರಿ. ಅದಕ್ಕೆ ಹೋಗಬೇಕಾದರೆ ಏರಿದ್ದರಲ್ಲಿ ಕೊಂಚವನ್ನು ಇಳಿದು, ಶೋಲಾ ಕಾಡನ್ನು ಹೊಕ್ಕು, ಪುನಃ ಬಂಡೆಗಳ ಮೇಲೆ ಕೈಯೂರಿ ಹತ್ತಬೇಕು. ಆ ಬಂಡೆಗಳು ಒದ್ದೆಯಾದರೆ ಎಣ್ಣೆ ಸವರಿದಂತೆ ಜಾರುವವು.

ಇನ್ನು ನಮ್ಮ ಕಥೆ. 1997ನೆಯ ಇಸವಿಯ ದಶಂಬರ ತಿಂಗಳು. ನಾವು ಆಗ ಕೆಲಸದಲ್ಲಿದ್ದ ಶಾಲೆಯಿಂದ ಹತ್ತೊಂಬತ್ತು ಮಂದಿ ಹುಡುಗರನ್ನು ಕರೆದುಕೊಂಡು ಮೂವರು ಅಧ್ಯಾಪಕರು ಹೊರಟೆವು. ಮುಂದಾಳು ನಾವೇ. ವಯಸ್ಸು ಮೂವತ್ತೆರಡು, ಬೆಟ್ಟವನ್ನು ಅದಕ್ಕೆ ಹಿಂದೆ ಎರಡು ಸಲ ಹತ್ತಿದ್ದ ಅಹಂಕಾರ. ಬೆಳಿಗ್ಗೆ ದರ್ಶನವಾಗಲಿ, ಉಪಾಹಾರವಾಗಲಿ, ಗುಂಪಿನ ಚಿತ್ರ ತೆಗೆಯಿಸುವದಾಗಲಿ ಎನ್ನುವಷ್ಟರಲ್ಲಿ ಒಂಬತ್ತು ಘಂಟೆ. ಹುಡುಗರು ಜಿಂಕೆಗಳಂತೆ ಓಡಿದರು. ಆದರೆ ಗುಂಪಿನ ವೇಗವೆಂದರೆ ಕೊನೆಯವನ ವೇಗವೆಂಬದನ್ನು ನಾವು ಅರಿಯಲಿಲ್ಲ. ಒಂದು ಘಂಟೆಗೆ ಇನ್ನೂ ಕಲ್ಲುಮಂಟಪ. ಜೊತೆಯ ಅಧ್ಯಾಪಕರೊಬ್ಬರು, “ಇಲ್ಲಿಂದ ತಿರುಗೋಣವೇ?” ಎಂದು ಮೆಲ್ಲನೆ ಕೇಳಿದ್ದುಂಟು. ಇಷ್ಟು ದೂರ ಬಂದು ಶಿಖರವನ್ನು ಮುಟ್ಟದೆ ಹೋಗುವದೇ ಎಂದು ನಾವು ನಕ್ಕುಬಿಟ್ಟೆವು. ಆ ನಗೆಯು ಈಗಲೂ ನಮ್ಮ ಕಿವಿಯಲ್ಲಿದೆ.

ಶಿಖರವನ್ನು ಸೇರಿದಾಗ ಮೂರೂವರೆ. ಕಲ್ಲುಮಂಟಪಕ್ಕೆ ಇಳಿಯುವಷ್ಟರಲ್ಲಿ ಸೂರ್ಯನು ಮುಳುಗಿ ಅರ್ಧ ಘಂಟೆಯಾಗಿತ್ತು. ತಲೆಯೆಣಿಸಿದೆವು: ಹದಿನೆಂಟು. ಪುನಃ ಎಣಿಸಿದೆವು: ಹದಿನೆಂಟು. ಇದ್ದ ಎರಡು ಟಾರ್ಚುಗಳಲ್ಲಿ ಒಂದರ ಸೆಲ್ಲು ಮುಗಿದಿತ್ತು. ಇಬ್ಬರು ಅಧ್ಯಾಪಕರನ್ನು ಹುಡುಗರ ಸಂಗಡ ಬಿಟ್ಟು, ಉಳಿದೊಂದು ಟಾರ್ಚನ್ನು ಹಿಡಿದು ನಾವೊಬ್ಬರೇ ಶೇಷಪರ್ವತದ ಏರನ್ನು ಪುನಃ ಹತ್ತಿದೆವು. ಹೆಸರು ಹಿಡಿದು ಕೂಗಿದರೆ ಗಾಳಿಯು ಕೂಗನ್ನು ಎಲ್ಲಿಗೋ ಒಯ್ಯುತ್ತಿತ್ತು. ಆ ಒಂದೂವರೆ ಘಂಟೆಯಲ್ಲಿ ನಾವು ದೇವರಿಗೆ ಹೇಳಿಕೊಂಡ ಹರಕೆಗಳ ಲೆಕ್ಕವನ್ನು ಇಲ್ಲಿ ಕೊಡುವದು ಬೇಡ. ಕೊನೆಗೆ ಕತ್ತಲೆಯೊಳಗಿಂದ ಒಂದು ಸಣ್ಣ ಸ್ವರ ಕೇಳಿಸಿತು. ನಿಂತು ಆಲಿಸಿದೆವು. “ರಾಮಃ, ರಾಮೌ, ರಾಮಾಃ.” ನಾವೇ ಎಂಟನೆಯ ತರಗತಿಯಲ್ಲಿ ಬಾಯಿಪಾಠ ಮಾಡಿಸಿದ್ದ ಶಬ್ದರೂಪ. ಕಾಲು ಉಳುಕಿದ್ದ ಹುಡುಗನು ದಾರಿಯ ಪಕ್ಕದ ಬಂಡೆಗೆ ಬೆನ್ನು ಕೊಟ್ಟು ಕುಳಿತು, ಹೆದರಿಕೆಯನ್ನು ಓಡಿಸುವದಕ್ಕಾಗಿ ಸಪ್ತ ವಿಭಕ್ತಿಗಳನ್ನೂ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದನು. ದಾರಿ ತಪ್ಪಿದರೆ ನಡೆಯಬಾರದು, ಕುಳಿತಲ್ಲಿಯೇ ಕುಳಿತಿರಬೇಕೆಂದು ಅವನಿಗೆ ಅಜ್ಜಿ ಹೇಳಿದ್ದಳಂತೆ. ನಾವು ಹೇಳಿರಲಿಲ್ಲ. ಶಬ್ದಮಂಜರಿಯಿಂದ ಯಾರಿಗೇನು ಪ್ರಯೋಜನವೆಂದು ಕೇಳುವವರಿಗೆ ಅಂದಿನಿಂದ ನಾವು ಉತ್ತರ ಕೊಡುವದನ್ನು ಬಿಟ್ಟಿದ್ದೇವೆ. ನಮ್ಮ ಉತ್ತರ ನಮಗೆ ಸಾಕು.

ಹುಡುಗನನ್ನು ಸರದಿಯಂತೆ ಹೊತ್ತು ಗಿರಿಗದ್ದೆಗೆ ಬಂದಾಗ ನಡುರಾತ್ರಿ. ಅಲ್ಲಿ ಗಂಜಿ ಸಿಕ್ಕಿತು, ಕಂಬಳಿ ಸಿಕ್ಕಿತು. ಮರುದಿನ ಹುಡುಗನ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆವು. ಬೈಗುಳಕ್ಕೆ ಸಿದ್ಧರಾಗಿಯೇ ಹೋಗಿದ್ದೆವು. ತಾಯಿಯು ಬಯ್ಯಲಿಲ್ಲ. ಕೊಟ್ಟಿಗೆಗೆ ಸೊಪ್ಪು ತರುವದಕ್ಕೆ ದಿನವೂ ಗುಡ್ಡಕ್ಕೆ ಹೋಗುವ ಹೆಂಗಸು ಆಕೆ. ಸೆರಗಿನಿಂದ ಕೈ ಒರಸಿಕೊಳ್ಳುತ್ತ, “ಮಾಷ್ಟ್ರೇ, ಎಷ್ಟು ಘಂಟೆಗೆ ಹಿಂದೆ ತಿರುಗುವದೆಂದು ಹೊರಡುವ ಮೊದಲು ನಿಶ್ಚಯ ಮಾಡಿದ್ದಿರೋ? ನಾವು ಸೊಪ್ಪಿಗೆ ಹೋಗುವದಾದರೂ ಹೊತ್ತು ನೋಡಿಕೊಂಡು ಹೋಗುತ್ತೇವೆ” ಎಂದಳು. ಇಷ್ಟೇ. ನಮ್ಮಲ್ಲಿ ಉತ್ತರವಿರಲಿಲ್ಲ. ಶಿಖರಕ್ಕೆ ಎಷ್ಟು ಹೊತ್ತಿಗೆ ಮುಟ್ಟುವೆವೆಂದು ಬರೆದಿದ್ದೆವು. ಎಷ್ಟು ಹೊತ್ತಾದರೆ ಶಿಖರವನ್ನು ಬಿಡುವೆವೆಂದು ಬರೆದಿರಲಿಲ್ಲ.

ಈ ಕಥೆಯನ್ನು ತಂಗಿಗೆ ಹೇಳಿದ ಮೇಲೆ ಆಕೆಯು, “ಹಾಗಾದರೆ ಬೇಡವೆಂದೇ ಹೇಳು” ಎಂದಳು. ನಾವು ಹಾಗೆ ಹೇಳಲಿಲ್ಲ. ಬೇಡವೆಂದರೆ ನಮಗೆ ತಿಳಿಸದೆ ಹೋಗುವ ಕಾಲ ಇದು; ಅಲ್ಲದೆ ಆ ಹತ್ತೊಂಬತ್ತು ಹುಡುಗರಲ್ಲಿ ಆ ದಿನವನ್ನು ತನ್ನ ಜನ್ಮದ ಒಳ್ಳೆಯ ದಿನವೆಂದು ಹೇಳದವನೊಬ್ಬನೂ ಇಲ್ಲ, ಕಾಲು ಉಳುಕಿದವನನ್ನೂ ಸೇರಿಸಿ. ಒಂದು ಕಾಗದವನ್ನೂ ಪೆನ್ಸಿಲನ್ನೂ ತೆಗೆದುಕೊಂಡು ಸೊಸೆಯನ್ನು ಫೋನಿನಲ್ಲಿ ಕರೆದು, “ಲೆಕ್ಕ ಮಾಡೋಣ” ಎಂದೆವು.

ಸ್ಕಾಟ್ಲೆಂಡ್ ದೇಶದ ನೈಸ್ಮಿತ್ ಎಂಬ ಪರ್ವತಾರೋಹಿಯು 1892ರಲ್ಲಿ ಒಂದು ಸೂತ್ರವನ್ನು ಕೊಟ್ಟಿದ್ದಾನೆ. ನಮ್ಮ ಅಳತೆಗೆ ತಂದರೆ ಅದು ಹೀಗೆ: ಐದು ಕಿಲೋಮೀಟರು ದಾರಿಗೆ ಒಂದು ಘಂಟೆ, ಅದರ ಮೇಲೆ, ಪ್ರತಿ 600 ಮೀಟರು ಏರಿಗೆ ಇನ್ನೊಂದು ಘಂಟೆ. 13 ಕಿಲೋಮೀಟರಿಗೆ ಎರಡೂವರೆ ಘಂಟೆಗೆ ತುಸು ಮೇಲೆ. 1600 ಮೀಟರಿಗೆ ಎರಡು ಘಂಟೆ ನಲ್ವತ್ತು ನಿಮಿಷ. ಒಟ್ಟು ಐದೂಕಾಲು ಘಂಟೆ. ಇದು ಎಲ್ಲಿಯೂ ಕುಳಿತುಕೊಳ್ಳದೆ, ನೀರು ಕುಡಿಯದೆ, ಗಟ್ಟಿ ಕಾಲಿನವನು ನಡೆದರೆ. ಕುಳಿತು ಏಳುವ ಸಮಯವನ್ನು ಬಹಳ ಕೃಪಣತನದಿಂದ ಕೂಡಿಸಿದರೂ ಆರು ಘಂಟೆ. ವಾರವೆಲ್ಲ ಕುರ್ಚಿಯಲ್ಲಿ ಕುಳಿತವರಿಗೆ ಏಳು. ಇಳಿಯುವದು ಸುಲಭವೆಂದು ತಿಳಿಯಬಾರದು; ಏರುವಾಗ ಉಸಿರು ದಣಿದರೆ ಇಳಿಯುವಾಗ ಮೊಣಕಾಲು ದಣಿಯುತ್ತದೆ, ಬೀಳುವದೂ ಇಳಿಯುವಾಗಲೇ. ಅದಕ್ಕೆ ಐದು ಘಂಟೆ. ದಶಂಬರದಲ್ಲಿ ನಮ್ಮ ಸೀಮೆಯ ಹಗಲು ಹನ್ನೊಂದೂವರೆ ಘಂಟೆಗಿಂತ ಹೆಚ್ಚಿಲ್ಲ; ಸಂಜೆ ಆರು ಘಂಟೆ ಹತ್ತು ನಿಮಿಷದ ಸುಮಾರಿಗೆ ಸೂರ್ಯನು ಮುಳುಗುವನು. ಆದರೆ ದಾರಿಯ ಕೊನೆಯ ಭಾಗವು ದಟ್ಟವಾದ ಕಾಡು, ಅಲ್ಲಿ ಐದೂವರೆಗೇ ಮಬ್ಬು ಕವಿಯುವದು. ಆದುದರಿಂದ ಐದೂವರೆಯಿಂದ ಹಿಂದಕ್ಕೆ ಎಣಿಸಬೇಕು. ಐದೂವರೆಗೆ ಪೇಟೆ, ನಾಲ್ಕು ಘಂಟೆಗೆ ಮುಂಚೆ ಗಿರಿಗದ್ದೆ, ಹನ್ನೆರಡೂವರೆಗೆ ಎಲ್ಲಿದ್ದರೂ ಮುಖ ತಿರುಗಿಸುವದು. ಬೆಳಿಗ್ಗೆ ಆರೂವರೆಗೆ ಕಾಲು ಎತ್ತಿದ ಗಟ್ಟಿಗರಿಗೆ ಮಾತ್ರ ಶಿಖರ, ಉಳಿದವರಿಗೆ ಶೇಷಪರ್ವತ, ಎಂಟಕ್ಕೆ ಹೊರಟವರಿಗೆ ಕಲ್ಲುಮಂಟಪವೇ ಸಾಕು.

“ಮಾವ, ಹನ್ನೆರಡೂವರೆಗೆ ಶಿಖರ ಕಣ್ಣೆದುರಿಗೇ ಇದ್ದರೆ?” ಎಂದು ಹುಡುಗಿ ಕೇಳಿದಳು. ಬುದ್ಧಿವಂತೆ, ಸರಿಯಾದ ಜಾಗದಲ್ಲಿಯೇ ಕೈಯಿಟ್ಟಳು. ಬೆಟ್ಟದ ಮೇಲೆ ನಿಂತು ಆ ಪ್ರಶ್ನೆಗೆ ಉತ್ತರ ಹುಡುಕುವವನು ಯಾವತ್ತೂ ‘ಇನ್ನು ಸ್ವಲ್ಪವೇ’ ಎಂದೇ ಹೇಳುವನು. ಆದಕಾರಣ ಉತ್ತರವನ್ನು ಮನೆಯಲ್ಲಿಯೇ, ಹೊಟ್ಟೆ ತುಂಬಿ ತಲೆ ತಂಪಾಗಿರುವಾಗ, ಐದು ಮಂದಿಯೂ ಒಪ್ಪಿ ಬರೆದಿಡತಕ್ಕದ್ದು. ಘಂಟೆ ನೋಡಿ ‘ತಿರುಗೋಣ’ ಎನ್ನುವ ಅಧಿಕಾರವನ್ನು ಒಬ್ಬಳಿಗೆ ಕೊಡಬೇಕು. ಎಲ್ಲರಿಗಿಂತ ಮೆಲ್ಲಗೆ ನಡೆಯುವವಳಿಗೆ ಕೊಟ್ಟರೆ ಉತ್ತಮವೆಂಬದು ನಮ್ಮ ಅಭಿಪ್ರಾಯ. ಮುಂದೆ ಓಡುವವರಿಗೆ ಆ ಅಧಿಕಾರ ಕೊಟ್ಟರೆ ಏನಾಗುವದೆಂಬದಕ್ಕೆ ನಾವೇ ಸಾಕ್ಷಿ.

ಈ ಮಾತು ಬಂದಾಗ ನಮಗೆ ಕಾಳಿದಾಸನ ಮೇಘದೂತದ ನೆನಪಾಯಿತು. ವಿರಹದಿಂದ ಹುಚ್ಚನಂತಾಗಿದ್ದ ಯಕ್ಷನೂ ಮೇಘಕ್ಕೆ ಸಂದೇಶವನ್ನು ಮೊದಲು ಹೇಳುವದಿಲ್ಲ. ಮೊದಲು ದಾರಿಯನ್ನು ಹೇಳುತ್ತಾನೆ. ದಣಿದಾಗ ಯಾವ ಬೆಟ್ಟಗಳ ಮೇಲೆ ಕಾಲೂರಬೇಕು, ಸೊರಗಿದಾಗ ನದಿಗಳ ನೀರನ್ನು ಹೇಗೆ ಕುಡಿಯಬೇಕು ಎಂಬದೆಲ್ಲವೂ ಅದರಲ್ಲಿದೆ. ಮೇಘಕ್ಕೆ ಕಾಲಿಲ್ಲ, ಹೊಟ್ಟೆಯಿಲ್ಲ. ಆದರೂ ಕವಿಯು ವಿಶ್ರಾಂತಿಗೂ ನೀರಿಗೂ ಎಡೆಯಿಟ್ಟನು. ನಮ್ಮವರು ಕಾಲೂ ಹೊಟ್ಟೆಯೂ ಉಳ್ಳವರು, ಬಸ್ಸಿನ ಘಂಟೆಗಳನ್ನು ಮಾತ್ರ ಬರೆದಿಟ್ಟು ಹೊರಡುವರು. ಅಂದ ಹಾಗೆ, ಈಗಿನವರು ಇದಕ್ಕೆ ಚಾರಣವೆಂದು ಹೆಸರಿಟ್ಟಿದ್ದಾರೆ. ಸಂಸ್ಕೃತದಲ್ಲಿ ಚಾರಣನೆಂದರೆ ಊರೂರು ತಿರುಗಿ ಹಾಡುವವನು. ಹಾಡುತ್ತ ಹೋದರೆ ನಮ್ಮ ಅಭ್ಯಂತರವಿಲ್ಲ. ಸ್ವರಪೆಟ್ಟಿಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಕಾಡಿನಲ್ಲಿ ಸಿನೆಮಾ ಪದಗಳನ್ನು ಕೂಗಿಸುವದು ಬೇಡ.

ಕಾಲದ ವಿಚಾರ. ಮಳೆಗಾಲದಲ್ಲಿ ಹೋಗುವ ಮಾತೇ ಇಲ್ಲ. ಬಂಡೆಯೂ ತೊರೆಯೂ ಉಂಬಳವೂ ಒಟ್ಟಾಗಿ ಕಾಡುವವು. ಬೇಸಿಗೆಯಲ್ಲಿ ನೀರು ಬತ್ತಿ ಹುಲ್ಲಿಗೆ ಬೆಂಕಿಯ ಭಯವಿರುವದರಿಂದ ಇಲಾಖೆಯವರು ದಾರಿಯನ್ನು ಮುಚ್ಚುವರು. ಉಳಿಯುವದು ಅಕ್ಟೋಬರದಿಂದ ಜನವರಿಯ ವರೆಗಿನ ನಾಲ್ಕು ತಿಂಗಳು. ಅದರಲ್ಲಿಯೂ ಷಷ್ಠಿಯ ಜಾತ್ರೆಯ ದಿನಗಳಲ್ಲಿ ಸುಬ್ರಹ್ಮಣ್ಯದಲ್ಲಿ ತಲೆಯಿಡುವದಕ್ಕೆ ಸ್ಥಳ ಸಿಕ್ಕದು. ರಜಾದಿನಗಳು ಇನ್ನೂ ಕಷ್ಟ. 2024ನೆಯ ಇಸವಿಯ ಜನವರಿ ಕೊನೆಯ ರಜೆಗಳಲ್ಲಿ ಈ ಬೆಟ್ಟದ ಮೇಲೆ ಜನರು ತೇರಿನ ದಿನದಂತೆ ಸಾಲುಗಟ್ಟಿದ ಚಿತ್ರಗಳನ್ನು ನಾಡೆಲ್ಲ ನೋಡಿತು. ಆಮೇಲೆ ಸರಕಾರದವರು ಕೆಲವು ಕಾಲ ತಡೆ ಹಾಕಿ, ಅದೇ ವರುಷ ಅಕ್ಟೋಬರದಲ್ಲಿ ‘ಅರಣ್ಯ ವಿಹಾರ’ವೆಂಬ ಜಾಲತಾಣವನ್ನು ತೆರೆದು, ದಿನಕ್ಕೆ ಇಷ್ಟೇ ಜನರೆಂದು ಗೊತ್ತುಮಾಡಿ ಮುಂಗಡವಾಗಿ ಚೀಟಿ ಕೊಡುವ ಏರ್ಪಾಡು ಮಾಡಿದರು. ಇದರಿಂದ ಅಸಮಾಧಾನಗೊಂಡವರಿದ್ದಾರೆ, ನಮಗೆ ಸಂತೋಷವೇ ಆಯಿತು. ಶಿಖರದಲ್ಲಿ ಡೇರೆ ಹಾಕಿ ಮಲಗುವದಕ್ಕೆ ಅಪ್ಪಣೆಯಿಲ್ಲ. ದಾರಿ ತೆರೆದಿದೆಯೇ, ಯಾವ ಘಂಟೆಗೆ ಒಳಗೆ ಬಿಡುವರು, ಗಿರಿಗದ್ದೆಯಲ್ಲಿ ತಂಗುವದಕ್ಕಾಗಲಿ ಕೊಡಗಿನ ಬೀದಳ್ಳಿಯ ಕಡೆಗೆ ದಾಟುವದಕ್ಕಾಗಲಿ ಅವಕಾಶವುಂಟೇ ಎಂಬ ವಿವರಗಳನ್ನು ಹೋದ ವರುಷ ಹೋಗಿಬಂದವರಿಂದ ಕೇಳದೆ, ಹೊರಡುವ ವಾರದಲ್ಲಿ ಇಲಾಖೆಯಿಂದಲೇ ತಿಳಿಯಬೇಕು.

ಆನೆಯ ವಿಷಯವನ್ನು ಮಂಡೆಕೋಲಿನವರಿಗೆ ಹೇಳುವ ಅಗತ್ಯವಿಲ್ಲ. ಕೇರಳದ ಗಡಿಯ ಕಾಡಿನಿಂದ ಬಂದು ನಮ್ಮ ಬಾಳೆ, ತೆಂಗು, ಅಡಿಕೆಗಳನ್ನು ಮೆಟ್ಟಿ ಹೋಗುವ ಹಿಂಡಿನಿಂದ ನಾವು ಕಲಿತದ್ದು ಒಂದೇ: ಮುಸ್ಸಂಜೆಯ ಮೇಲೆ ಕಾಡಿನ ದಾರಿಯು ನಮ್ಮದಲ್ಲ. ಪುಷ್ಪಗಿರಿಯಲ್ಲಿಯೂ ಆನೆಯುಂಟು, ಕಾಟಿಯುಂಟು. ಐದೂವರೆಗೆ ಕಾಡನ್ನು ಬಿಡಬೇಕೆಂಬದಕ್ಕೆ ಇದು ಎರಡನೆಯ ಕಾರಣ.

ಗಂಟಿನ ವಿಚಾರವನ್ನು ಗೃಹಿಣಿಯರು ನಮಗಿಂತ ಚೆನ್ನಾಗಿ ಬಲ್ಲರು. ತಲೆಗೆ ಮೂರು ಲೀಟರು ನೀರು, ಕಡಮೆ ಮಾಡಕೂಡದು. ಬೆಲ್ಲ ಹಾಕಿದ ಅವಲಕ್ಕಿ, ಹುರಿದ ನೆಲಕಡಲೆ, ಕಿತ್ತಳೆ, ಬಾಳೆಹಣ್ಣು. ಉಪ್ಪು ಬೆರಸಿದ ಪುನರ್ಪುಳಿಯ ಪಾನಕ ಒಂದು ಶೀಸೆ. ಬಿಸಿಲಿನ ಹುಲ್ಲುಗಾವಲಿನಲ್ಲಿ ಅದರ ಬೆಲೆ ತಿಳಿಯುವದು. ಎತ್ತರ ಏರಿದಂತೆ ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಸೆಕೆಯು ಇಳಿಯುವದರಿಂದ ಸುಬ್ರಹ್ಮಣ್ಯಕ್ಕೂ ಶಿಖರಕ್ಕೂ ಹತ್ತು ಡಿಗ್ರಿಯ ಅಂತರವುಂಟು. ಬೆವರಿದ ಮೈಗೆ ಮಂಜಿನ ಗಾಳಿ ತಾಗಿದರೆ ನಡುಗುವಷ್ಟು ಚಳಿ. ಒಂದು ಒಣಗಿದ ಅಂಗಿ, ಒಂದು ಉಣ್ಣೆಯದು. ಹೊಸ ಬೂಟನ್ನು ಬೆಟ್ಟದಲ್ಲಿ ಉದ್ಘಾಟನೆ ಮಾಡಬಾರದು. ಹದಿನೈದು ದಿನ ಪೇಟೆಯಲ್ಲಿ ಮೆಟ್ಟಿ ಪಳಗಿಸಿರಬೇಕು. ಒಬ್ಬೊಬ್ಬರಿಗೂ ಒಂದೊಂದು ಟಾರ್ಚು, ಬೇರೆ ಸೆಲ್ಲು. ಮೊಬೈಲಿನ ದೀಪವನ್ನು ಲೆಕ್ಕಕ್ಕೆ ಹಿಡಿಯಬಾರದು. ಬೆಟ್ಟದಲ್ಲಿ ಸಂಕೇತ ಸಿಕ್ಕದೆ ಹುಡುಕಿ ಹುಡುಕಿಯೇ ಅದರ ಶಕ್ತಿ ತೀರುವದು. ಹಿಂದಿನವರು ತೆಂಗಿನ ಗರಿಯ ಸೂಟೆಯನ್ನು ಬೀಸಿಕೊಂಡು ನಡೆಯುತ್ತಿದ್ದರು. ಒಣಹುಲ್ಲಿನ ಬೆಟ್ಟಕ್ಕೆ ಬೆಂಕಿಯನ್ನು ಒಯ್ಯುವದು ಈಗ ಅಪರಾಧ, ಮೊದಲೂ ಬುದ್ಧಿವಂತಿಕೆಯಾಗಿರಲಿಲ್ಲ. ಮನೆಯಲ್ಲಿ ಒಂದು ಚೀಟಿ ಬಿಡಬೇಕು: ಯಾರು ಯಾರು, ಯಾವ ದಾರಿ, ಎಷ್ಟು ಘಂಟೆಗೆ ಇಳಿಯುವರು, ಯಾವ ಘಂಟೆಯ ವರೆಗೆ ಸುದ್ದಿ ಬಾರದಿದ್ದರೆ ಮನೆಯವರು ಅರಣ್ಯ ಠಾಣೆಗಾಗಲಿ 112ಕ್ಕಾಗಲಿ ತಿಳಿಸಬೇಕು. ಈ ಕೊನೆಯ ಸಾಲಿದ್ದರೆ ಮನೆಯಲ್ಲಿರುವವರು ಸಂಜೆಯಿಡೀ ಅಂಗಳಕ್ಕೂ ಒಳಕ್ಕೂ ನಡೆಯುವದು ತಪ್ಪುವದು.

ಹಿಮಾಲಯಕ್ಕೆ ಹೋಗುವವರೂ ಈಗ ನಮ್ಮ ಮನೆಗಳಲ್ಲಿದ್ದಾರೆ. ಅಲ್ಲಿ ಘಂಟೆಯ ಲೆಕ್ಕದ ಮೇಲೆ ದಿನಗಳ ಲೆಕ್ಕವೊಂದು ಕೂಡುವದು. 2500 ಮೀಟರಿಗೂ ಮೇಲೆ ಗಾಳಿ ತೆಳುವಾಗಿ, ತಲೆನೋವು, ವಾಕರಿಕೆ, ನಿದ್ರಾಹೀನತೆಗಳು ಗಟ್ಟಿಮುಟ್ಟಾದವರನ್ನೂ ಹಿಡಿಯಬಹುದು. 3000 ಮೀಟರು ದಾಟಿದ ಮೇಲೆ ಈ ರಾತ್ರಿ ಮಲಗಿದ್ದಕ್ಕಿಂತ ಮರುರಾತ್ರಿ 500 ಮೀಟರಿಗೆ ಮಿಕ್ಕಿ ಎತ್ತರದಲ್ಲಿ ಮಲಗಬಾರದೆಂದು ವೈದ್ಯರು ಹೇಳುವರು. ಲಕ್ಷಣ ಹೆಚ್ಚಿದರೆ ಕೆಳಗೆ ಇಳಿಯುವದೇ ಮದ್ದು. ಆದುದರಿಂದ ರಜೆ ಎಂಟೇ ದಿನವೆಂದು ದಾರಿಯನ್ನು ಕುಗ್ಗಿಸಕೂಡದು. ಎಂಟು ದಿನಕ್ಕೆ ಹೊಂದುವ ಬೆಟ್ಟವನ್ನು ಆರಿಸಬೇಕು, ಕೆಟ್ಟ ಹವೆಗಾಗಿ ಅದರಲ್ಲಿ ಒಂದೆರಡು ದಿನ ಖಾಲಿ ಬಿಡಬೇಕು. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲದ ದಾರಿಯಲ್ಲಿ, ನಾಲ್ಕು ಸಾವಿರ ಮೀಟರಿಗೂ ಮೇಲೆ, ನಮ್ಮ ರಾಜ್ಯದವರೇ ಹೆಚ್ಚಾಗಿದ್ದ 22 ಮಂದಿಯ ತಂಡವು ಹಿಮಗಾಳಿಗೆ ಸಿಕ್ಕಿ, 9 ಮಂದಿ ತೀರಿಕೊಂಡರು. ಅವರು ಬೆಟ್ಟವನ್ನು ಅರಿಯದವರಲ್ಲ, ಪ್ರೀತಿಸಿದವರು. ಆ ವಾರ ಪತ್ರಿಕೆಯಲ್ಲಿ ಬಂದ ಮುಖಗಳನ್ನು ನೋಡಿ ನಮಗೆ ಎರಡು ರಾತ್ರಿ ನಿದ್ರೆ ಬರಲಿಲ್ಲ. ಯಾವ ಲೆಕ್ಕವನ್ನೂ ಮೀರಿದ ಹವೆಯುಂಟೆಂಬದನ್ನು ಮರೆಯದೆಯೇ ನಾವು ಈ ಲೆಕ್ಕಗಳನ್ನು ಬರೆಯುತ್ತಿದ್ದೇವೆ.

ಸೊಸೆಯು ಕ್ರಮವನ್ನು ತಿದ್ದಿದಳು. ಶುಕ್ರವಾರವೂ ರಜೆ ಪಡೆದು, ಹಗಲಿನ ಬಸ್ಸಿನಲ್ಲಿ ಬಂದು, ರಾತ್ರಿ ಸುಬ್ರಹ್ಮಣ್ಯದಲ್ಲಿ ಎಂಟು ಘಂಟೆಗೇ ಮಲಗಿದರು. ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿ ಬಂದ ಕಾಲಿನಲ್ಲಿ ಬೆಟ್ಟ ಹತ್ತಬಾರದೆಂಬದನ್ನು ನಾವು ಹೇಳುವದಕ್ಕೆ ಮರೆತಿದ್ದೆವು, ಆಕೆಯೇ ಯೋಚಿಸಿದಳು. ದರ್ಶನವನ್ನು ಇಳಿದ ಮೇಲೆ ಇಟ್ಟುಕೊಂಡರು. ಶನಿವಾರ ಆರೂವರೆಗೆ ಹೊರಟರೆಂದು ತಂಗಿಗೆ ಒಂದು ಸುದ್ದಿ ಬಂತು. ಆಮೇಲೆ ಸುದ್ದಿಯಿಲ್ಲ. ತಂಗಿಯು ಆ ದಿನ ನಮ್ಮಲ್ಲಿಯೇ ಇದ್ದಳು. ಹನ್ನೆರಡೂವರೆಗೆ ಗಡಿಯಾರವನ್ನು ನೋಡಿ, “ಈಗ ತಿರುಗಿರಬೇಕಲ್ಲವೇ?” ಎಂದಳು. ನಾಲ್ಕು ಘಂಟೆಗೆ, “ಈಗ ಗಿರಿಗದ್ದೆ” ಎಂದಳು. ನಾವು ಗೆದ್ದಲಿನ ಪುಸ್ತಕಗಳನ್ನು ಬಿಸಿಲಿನಿಂದ ಒಳಗೆ ತರುತ್ತಿದ್ದೆವು. ಯಾವ ಪುಸ್ತಕವನ್ನು ಎಲ್ಲಿ ಇಟ್ಟೆವೋ ಇನ್ನೂ ಗೊತ್ತಾಗಿಲ್ಲ.

ಐದು ಘಂಟೆ ಇಪ್ಪತ್ತು ನಿಮಿಷಕ್ಕೆ ಫೋನು ಬಂತು. “ಮಾವ, ಪೇಟೆಗೆ ಇಳಿದೆವು. ಶಿಖರ ಆಗಲಿಲ್ಲ. ಹನ್ನೆರಡೂವರೆಗೆ ಶೇಷಪರ್ವತದ ಮೇಲಿದ್ದೆವು, ಎದುರಿಗೇ ಕಾಣುತ್ತಿತ್ತು” ಎಂದಳು. ಸ್ವರದಲ್ಲಿ ಕೊಂಚ ದುಃಖವಿತ್ತು. ನಾವೇನೂ ಸಮಾಧಾನ ಹೇಳಲಿಲ್ಲ, ಹೇಳಿದರೆ ನಮ್ಮ ಸ್ವರ ನಡುಗೀತೆಂದು ಫೋನನ್ನು ತಂಗಿಯ ಕೈಗೆ ಕೊಟ್ಟೆವು. ಆಕೆಯು ಮಗಳ ಹತ್ತಿರ ಬಿಸಿನೀರು, ಕಾಲಿಗೆ ಎಣ್ಣೆ ಎಂದೆಲ್ಲ ಹತ್ತು ನಿಮಿಷ ಮಾತನಾಡಿ, ಫೋನನ್ನು ಕೆಳಗಿಟ್ಟು, ಒಂದು ಕ್ಷಣ ಸುಮ್ಮನಿದ್ದು, “ಶಿಖರ ಆಗಲಿಲ್ಲವೆಂದರೆ, ಇನ್ನೊಮ್ಮೆ ಹೋಗುತ್ತಾಳೆಂದೇ ಆಯಿತಲ್ಲ ಅಣ್ಣಾ!” ಎಂದಳು.